ಭುಜದ ಹಿಂಭಾಗಕ್ಕೆ ನಾನು ವ್ಯಾಯಾಮ ಆರಿಸಿದ್ದು ಹೀಗೆ

ಡೊಂಬಿವಲಿಯಿಂದ ಮುಂಬೈಯ ಫೋರ್ಟಿನ ಆಫೀಸಿಗೆ ದಿನಾ ಲೋಕಲ್‌ನಲ್ಲಿ ಹೋಗಿಬರುವವನು ನಾನು. ಒಂದು ಗಂಟೆಗೂ ಜಾಸ್ತಿ ಮೇಲಿನ ಹಿಡಿಕೆ ಹಿಡಿದು ನಿಲ್ಲಬೇಕು, ಇಳಿದರೆ ಕಂಪ್ಯೂಟರ್ ಮುಂದೆ ಕೂರಬೇಕು. ಜಿಮ್ ಸೇರಿದ ಮೇಲೂ ಮಾಡುತ್ತಿದ್ದುದು ಪುಶ್‌ಅಪ್, ಬೆಂಚ್ ಪ್ರೆಸ್, ಶೋಲ್ಡರ್ ಪ್ರೆಸ್. ಕನ್ನಡಿಯಲ್ಲಿ ಕಾಣುವ ಕಡೆಗೇ ಎಲ್ಲ ಕಸರತ್ತು. ಒಮ್ಮೆ ಅಂಗಿ ಹೊಲಿಸಲು ಹೋದಾಗ ಟೈಲರ್ "ಸರಿಯಾಗಿ ನೆಟ್ಟಗೆ ನಿಲ್ಲಿ" ಅಂದರು. ನೆಟ್ಟಗೇ ನಿಂತಿದ್ದೇನೆ ಅಂದುಕೊಂಡಿದ್ದೆ. ಆ ಮಾತು ಮನಸ್ಸಿಗೆ ನಾಟಿತು. ಭುಜದ ಹಿಂಭಾಗಕ್ಕೂ ವ್ಯಾಯಾಮ ಬೇಕು ಅನ್ನಿಸಿತು.

ಭುಜದ ಸ್ನಾಯುವಿಗೆ ಮುಂದೆ, ಪಕ್ಕ, ಹಿಂದೆ ಅಂತ ಮೂರು ಭಾಗ. ಮುಂದಕ್ಕೆ ಒತ್ತುವ ಯಾವ ವ್ಯಾಯಾಮದಲ್ಲೂ ಮುಂಭಾಗಕ್ಕೆ ಪಾಲು ಸಿಗುತ್ತದೆ. ಹಿಂಭಾಗ, ಅಂದರೆ ರಿಯರ್ ಡೆಲ್ಟ್, ದುಡಿಯುವುದು ರಟ್ಟೆಯನ್ನು ಹಿಂದಕ್ಕೆ, ಹೊರಕ್ಕೆ ಎಳೆದಾಗ.

ಮೊದಲು ನಾನೇ 7.5 ಕೆಜಿ ಡಂಬೆಲ್ ಹಿಡಿದು, ಬಗ್ಗಿ, ಕೈ ಅಗಲಿಸಿ ಎತ್ತತೊಡಗಿದೆ. ಮೈ ಜೋಲಿ ಹೊಡೆಯುತ್ತಿತ್ತು. ಮರುದಿನ ನೋವು ಬಂದದ್ದು ಕತ್ತಿಗೆ! ನಮ್ಮ ಜಿಮ್‌ನ ಮರಾಠಿ ಹುಡುಗ ನೋಡಿ, "ವಜನ್ ಕಮೀ, ಕೋಪರ್ ಬಾಹೇರ್" ಅಂದ. ಭಾರ ಕಡಿಮೆ ಮಾಡು, ಮೊಣಕೈ ಹೊರಗಿಡು ಅಂತ. ಬೆಂಚನ್ನು ಓರೆ ಮಾಡಿ, ಎದೆಯೂರಿ ಮಲಗಿಸಿ, 2.5 ಕೆಜಿ ಕೊಟ್ಟ. ಭುಜದ ಹಿಂದೆ ಒಂದು ಕಡೆ ಬೆರಳಿಟ್ಟು, "ಇಲ್ಲಿ" ಅಂದ. ಎಂಟನೇ ಸಲ ಎತ್ತುವಾಗ ಸರಿಯಾಗಿ ಅಲ್ಲೇ ಉರಿ ಶುರುವಾಯಿತು. ಆ ಸ್ನಾಯು ಎಲ್ಲಿದೆ ಅಂತ ನನಗೆ ತಿಳಿದದ್ದೇ ಆವತ್ತು.

ಆಮೇಲೆ ಯಾವ ವ್ಯಾಯಾಮವನ್ನಾದರೂ ಅದೇ ಜಾಗ ಮೊದಲು ದಣಿಯುತ್ತದಾ ಅಂತ ನೋಡಿಯೇ ಇಟ್ಟುಕೊಂಡೆ. ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಎಳೆಯುವ ರೋ ಒಳ್ಳೆಯದೇ, ಆದರೆ ಕೆಲಸ ಬೆನ್ನಿಗೆ ಹೋಗುತ್ತದೆ. ನೆಟ್ಟಗೆ ನಿಂತು ಡಂಬೆಲ್ ಅಗಲಿಸಿದರೆ ಭುಜದ ಪಕ್ಕದ ಭಾಗಕ್ಕೆ. ಡಂಬೆಲ್‌ನ ಭಾರ ನೆಲದ ಕಡೆಗೆ ಎಳೆಯುತ್ತದಲ್ವಾ, ಹಾಗಾಗಿ ಎದೆ ನೆಲ ನೋಡಬೇಕು. ಇನ್ನೊಂದು ಮಾತು: ಬೆನ್ನ ಮೇಲಿನ ಎರಡು ಅಗಲ ಮೂಳೆಗಳನ್ನು ಜೋರಾಗಿ ಹತ್ತಿರ ಹಿಂಡಬೇಡಿ. ಹಿಂಡಿದರೆ ನಡುಬೆನ್ನೇ ಕೆಲಸ ಕಿತ್ತುಕೊಳ್ಳುತ್ತದೆ. ಕೈಯನ್ನು ಗೋಡೆಯ ಕಡೆಗೆ ದೂರ ಚಾಚುತ್ತಿದ್ದೇನೆ ಅಂದುಕೊಂಡು ಎತ್ತಿದರೆ ನನಗೆ ಸರಿ ಹೋಗುತ್ತದೆ.

ಈಗ ಸೋಮವಾರ, ಗುರುವಾರ ಓರೆ ಬೆಂಚಿನ ಮೇಲೆ 15ರಂತೆ 3 ಸೆಟ್. ಆಮೇಲೆ ಕೇಬಲ್‌ನಲ್ಲಿ ಫೇಸ್ ಪುಲ್, ಅಂದರೆ ಹಗ್ಗವನ್ನು ಮುಖದ ಕಡೆಗೆ ಎಳೆಯುವುದು: ಹಗ್ಗ ಮುಖದ ಎತ್ತರಕ್ಕಿರಬೇಕು, ಮೊಣಕೈ ಭುಜದ ಮಟ್ಟಕ್ಕೆ, ಮುಷ್ಟಿ ಕಿವಿಯ ಪಕ್ಕಕ್ಕೆ ಬರಬೇಕು. ಮಳೆಗೆ ಲೋಕಲ್ ತಡವಾದ ದಿನ ಮನೆಯ ಕಿಟಕಿಯ ಗ್ರಿಲ್‌ಗೆ ರಬ್ಬರ್ ಬ್ಯಾಂಡ್ ಕಟ್ಟಿ ಅದನ್ನೇ ಮಾಡುತ್ತೇನೆ. ಉರಿ ಬಂದರೆ ಮುಂದುವರಿಸುತ್ತೇನೆ. ಕೀಲಿನೊಳಗೆ ಚುಚ್ಚಿದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ನಾಲ್ಕು ತಿಂಗಳಲ್ಲಿ 4 ಕೆಜಿಗೆ ಬಂದಿದ್ದೇನೆ. 5 ಕೆಜಿ ಹಿಡಿದು ನೋಡಿದೆ, ಹತ್ತನೇ ಸಲಕ್ಕೇ ಹೆಗಲು ಕಿವಿಯ ಕಡೆಗೆ ಏರಿತು. ವಾಪಸ್ ಇಟ್ಟೆ.