ಚೀಲ ಮೊದಲು ಎಸೆದೆ

ಜನವರಿಯ ಒಂದು ಬೆಳಿಗ್ಗೆ ಅಘನಾಶಿನಿ ಊರಿನಿಂದ ಬಾರ್ಜ್ ಹತ್ತಿ ನದಿಯಾಚೆ ತದಡಿಗೆ ದಾಟಿದೆ. ಅಲ್ಲಿಂದ ಓಂ ಬೀಚ್‌ವರೆಗೆ ಗುಡ್ಡದ ಮೇಲೇ ಹೋಗಬೇಕು, ಆದಷ್ಟು ಕಾಲುದಾರಿ ಬಿಟ್ಟು, ಒಬ್ಬನೇ. ಗೋಕರ್ಣಕ್ಕೆ ಬರುವವರು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ದಂಡೆಯಿಂದ ದಂಡೆಗೆ ನಡೆಯುತ್ತಾರೆ. ನಡುವಿನ ಗುಡ್ಡಗಳ ನೆತ್ತಿ ಹತ್ತುವವರು ಕಮ್ಮಿ.

ನಾಲ್ಕು ಲೀಟರ್ ನೀರು, ಅವಲಕ್ಕಿ-ಬೆಲ್ಲ, ಉಪ್ಪು ಹಾಕಿದ ಮುರುಗಲು ಪಾನಕ. ಕೈಯಲ್ಲಿ ಒಂದು ಕೋಲು. ಸಂಜೆ ಐದರೊಳಗೆ ಫೋನ್ ಬರದಿದ್ದರೆ ಹುಡುಕಿಸು ಅಂತ ಅಣ್ಣನಿಗೆ ಹೇಳಿದ್ದೆ. ದಿಕ್ಕಿನ ಚಿಂತೆ ಇರಲಿಲ್ಲ. ಉತ್ತರಕ್ಕೆ ಹೋಗುವಾಗ ಕಡಲು ಎಡಗಡೆ, ಅಷ್ಟೇ.

ನೆತ್ತಿಯ ಮೇಲೆ ಬರೀ ಜಂಬಿಟ್ಟಿಗೆ ಹಾಸು. ಮಳೆಗಾಲದಲ್ಲಿ ಹಸಿರಾಗಿರುವ ಇದೇ ಜಾಗ ಜನವರಿಗೆ ಮರುಭೂಮಿ. ತೂತು ತೂತು ಕಲ್ಲು, ಒಣಗಿದ ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ಕವಳಿ ಮಟ್ಟಿ. ಹತ್ತು ಗಂಟೆಗೇ ಕಲ್ಲಿನ ಕಾವು ಚಪ್ಪಲಿ ದಾಟಿ ಬರುತ್ತದೆ, ಹಾಗಾಗಿ ಬೂಟೇ ಬೇಕು. ಇಳಿಜಾರಿನಲ್ಲಿ ಒಣ ಕರಡದ ಮೇಲೆ ಕಾಲಿಟ್ಟರೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ.

ಗೇರು ಮರಗಳ ಹತ್ತಿರ ದರಕು, ಅಂದರೆ ಒಣ ಎಲೆ, ಗುಡಿಸುತ್ತಿದ್ದ ಅಜ್ಜಿಯೊಬ್ಬರು ಸಿಕ್ಕರು. "ಒಬ್ನೇ ಹೊರಟ್ಯಾ ತಮಾ? ಆ ಹಳ್ಳದಾಗೆ ಇಳೀಬೇಡ, ಕೆಳಗೆ ದಾರಿ ಇಲ್ಲ" ಅಂದರು. ಆಯ್ತು ಅಜ್ಜಿ ಅಂದೆ. ಅರ್ಧ ಗಂಟೆಯ ನಂತರ ಅದೇ ಹಳ್ಳಕ್ಕೆ ಇಳಿದೆ.

ಯಾಕೆ ಅಂದರೆ, ಒಣ ಹಳ್ಳ ನೋಡೋಕೆ ರಸ್ತೆಯ ಹಾಗೇ ಇರುತ್ತದೆ. ಮುಳ್ಳಿಲ್ಲ, ನೆರಳಿದೆ, ಇಳಿಜಾರೂ ಹಿತ. ನಾನು ಮರೆತದ್ದು ಒಂದೇ. ಇಲ್ಲಿ ಮೇಲಿನ ಜಂಬಿಟ್ಟಿಗೆ ಬಿಸಿಲಿಗೆ, ಗಾಳಿಗೆ ಕಲ್ಲಾಗಿ ಗಟ್ಟಿಯಾಗಿದೆ, ಅದರಡಿ ಮೆತ್ತನೆಯ ಶೇಡಿ ಮಣ್ಣು. ನೀರು ಮೊದಲು ಕೆಳಗಿನದನ್ನು ಕೊರೆಯುತ್ತದೆ, ಮೇಲಿನ ಕಲ್ಲು ಚಪ್ಪರದ ಹಾಗೆ ಮುಂದೆ ಚಾಚಿ ಉಳಿಯುತ್ತದೆ. ಇಂಥ ಹಳ್ಳ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಕೊನೆಯ ಮೆಟ್ಟಿಲು ಮಾತ್ರ ನಮ್ಮ ಕಾಲಿನ ಅಳತೆಯದ್ದಲ್ಲ.

ಮೊದಲ ಮೆಟ್ಟಿಲು ಸೊಂಟದೆತ್ತರ. ಎರಡನೆಯದು ನನಗಿಂತ ಒಂದು ಮೊಳ ಜಾಸ್ತಿ. ಬೆನ್ನಿನ ಚೀಲ ಕಲ್ಲಿಗೆ ತಾಗುತ್ತಿತ್ತು. ತೆಗೆದು ಕೆಳಗೆ ಎಸೆದೆ. ನೀರು, ಫೋನು ಎರಡೂ ಅದರಲ್ಲೇ. ಆಮೇಲೆ ನಾನು ಇಳಿಯದೆ ವಿಧಿಯಿಲ್ಲ, ಅಲ್ವಾ?

ಇಳಿದು ಇಪ್ಪತ್ತು ಹೆಜ್ಜೆ ಹೋದೆ. ಹಳ್ಳ ಅಲ್ಲೇ ಮುಗಿಯಿತು. ಮುಂದೆ ಗಾಳಿ, ಕೆಳಗೆ ಕಪ್ಪು ಬಂಡೆ, ಅದಕ್ಕೆ ಬಡಿಯುವ ನೀರು. ಹೇಗೋ ಇಳಿದರೂ ಬಂಡೆಯ ಬುಡದಲ್ಲಿ ನಡೆಯೋಕೆ ಇಳಿತದ ಹೊತ್ತು ಬೇಕು. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅವತ್ತು ಹಗಲಿನ ಇಳಿತ ಆಗಲೇ ಮುಗಿದಿತ್ತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತೆ, ಪಾನಕ ಕುಡಿದೆ, ಕೈ ನಡುಗುವುದು ನಿಂತಿತು. ಆಮೇಲೆ ಹಳ್ಳದ ಕಲ್ಲುಗಳನ್ನು ಒಂದೊಂದಾಗಿ ತಂದು ಆ ಮೆಟ್ಟಿಲ ಬುಡಕ್ಕೆ ಪೇರಿಸಿದೆ. ಮಂಡಿಯೆತ್ತರ ಕಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ಚೀಲದ ಪಟ್ಟಿಗೆ ಲುಂಗಿಯ ತುದಿ ಕಟ್ಟಿ, ಇನ್ನೊಂದು ತುದಿ ಸೊಂಟಕ್ಕೆ ಬಿಗಿದು, ಒಂದು ಬೇರು ಹಿಡಿದು ಮೇಲೆ ಹತ್ತಿದೆ. ಆಮೇಲೆ ಚೀಲ ಎಳೆದುಕೊಂಡೆ. ಮಂಡಿ ಕಿತ್ತು ಹೋಗಿತ್ತು.

ಈಗಲೂ ಹಳ್ಳಕ್ಕೆ ಇಳಿಯುತ್ತೇನೆ. ಆದರೆ ಚೀಲ ಮೇಲೇ ಇಟ್ಟು, ಒಂದು ಸಲ ಇಳಿದು, ಅಲ್ಲಿಂದಲೇ ವಾಪಸ್ ಹತ್ತಿ ನೋಡುತ್ತೇನೆ. ಹತ್ತಲು ಆಗದಿದ್ದರೆ ಆ ದಾರಿಯೇ ಬೇಡ.

ಉಳಿದದ್ದೆಲ್ಲ ನೆತ್ತಿ ಹಿಡಿದೇ ನಡೆದೆ. ಗೇರು ಮರದಡಿ ನುಸುಳುವಾಗ ಚಗಳಿ ಇರುವೆ ಅಂಗಿಯೊಳಗೆ ಹೊಕ್ಕಿ ಕಚ್ಚಿದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ನಾಲ್ಕೂವರೆಗೆ ಓಂ ಬೀಚ್ ಕಂಡಿತು. ಅಣ್ಣನಿಗೆ ಫೋನ್ ಮಾಡಿ, ಎರಡು ಎಳನೀರು ಕುಡಿದೆ. ಕೋಲು ಆ ಹಳ್ಳದ ಬಾಯಲ್ಲೇ ಉಳಿದಿದೆ.