ಸಂಜೆಯ ಕಾಲಿಗೆ ಕೊಂಡ ಶೂ

ಮಗಳು ಅಮೆರಿಕದಿಂದ ಫೋನ್ ಮಾಡಿ, "ಅಮ್ಮಾ, ಜುಲೈಯಲ್ಲಿ ಒರ್ಲ್ಯಾಂಡೊ ಡಿಸ್ನಿಗೆ ಹೋಗೋಣ, ಐದು ದಿನ. ಟಿಕೆಟ್ ಆಯ್ತು" ಅಂದಾಗ ನನಗೆ ಮೊದಲು ನೆನಪಾಗಿದ್ದು ನನ್ನ ಹಿಮ್ಮಡಿ. ಎರಡು ವರ್ಷದ ಹಿಂದೆ ಅವಳು ಊರಿಗೆ ಬಂದಿದ್ದಾಗ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಿದ್ದೆವು. ಹಿಂದಿನ ದಿನವಷ್ಟೇ ಕೊಂಡ ಹೊಸ ಶೂ ಹಾಕಿದ್ದೆ. ಮಧ್ಯಾಹ್ನದೊಳಗೆ ಎರಡೂ ಹಿಮ್ಮಡಿ ಕಚ್ಚಿ ಬೊಬ್ಬೆ ಎದ್ದಿತ್ತು. ಮೊಮ್ಮಗಳು ಕೈ ಹಿಡಿದು ಎಳೆಯುತ್ತಿದ್ದಳು, ನಾನು ಕೂರಲು ಜಾಗ ಹುಡುಕುತ್ತಿದ್ದೆ. ಅವಳ ಮುಖ ಸಪ್ಪಗಾಗಿದ್ದು ಇವತ್ತಿಗೂ ಕಣ್ಣ ಮುಂದಿದೆ. ಈ ಸಲ ಹಾಗಾಗಬಾರದು ಅಂತ ಏಪ್ರಿಲ್‌ನಲ್ಲೇ ಶೂ ಹುಡುಕಲು ಹೊರಟೆ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ತೋಟಕ್ಕೆ ಬರಿಗಾಲು, ಪೇಟೆಗೆ ಹವಾಯಿ ಚಪ್ಪಲಿ, ಹೀಗೇ ಐವತ್ತೆಂಟು ವರ್ಷ ಕಳೆದ ಕಾಲು ನನ್ನದು. ಕೆಸರಿನ ದಾರಿಯಲ್ಲಿ, ಸಂಕ ದಾಟುವಾಗ ಬೆರಳು ಊರಿ ಊರಿ ಪಾದದ ಮುಂಭಾಗ ಅಗಲವಾಗಿ ಹರಡಿಕೊಂಡಿದೆ. ನನ್ನಂಥವರಿಗೆ ಶೂಗಳ ಉದ್ದ ಸರಿಹೋದರೂ ಅಗಲ ಸಾಲುವುದಿಲ್ಲ. ವಂಡರ್‌ಲಾ ದಿನದ ಶೂ ಕೂಡ ಹಾಗೇ ಇತ್ತು. ಅಗಲಕ್ಕೆ ಬೇಕು ಅಂತ ಒಂದು ನಂಬರ್ ದೊಡ್ಡದು ತಗೊಂಡಿದ್ದೆ. ಹಾಗಾಗಿ ಹಿಮ್ಮಡಿ ಹಿಂದೆ ಸಡಿಲವಾಗಿ, ಹೆಜ್ಜೆ ಹೆಜ್ಜೆಗೂ ಮೇಲೆ ಕೆಳಗೆ ಉಜ್ಜಿತು. ಬೊಬ್ಬೆ ಬರೋದು ಆ ಉಜ್ಜುವಿಕೆಯಿಂದಲೇ, ಬರೀ ಬಿಗಿಯಿಂದಲ್ಲ.

ಇನ್ನೊಂದು ವಿಷಯ. ಕಾಲು ಬೆಳಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ದಿನವಿಡೀ ನಿಂತು ಓಡಾಡಿದರೆ ಪಾದ ಊದುತ್ತದೆ, ಸೆಖೆಯಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಒಂದು ಸಂಜೆ, ಕೆಲಸವೆಲ್ಲ ಮುಗಿದ ಮೇಲೆ, ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ನೆಲಕ್ಕೆ ಹಾಕಿ ಅದರ ಮೇಲೆ ನಿಂತೆ. ನಮ್ಮನೆಯವರು ಪೆನ್ಸಿಲ್ ನೇರ ಹಿಡಿದು ಪಾದದ ಸುತ್ತ ಗೆರೆ ಎಳೆದರು. ನಿಂತೇ ಎಳೆಸಿಕೊಳ್ಳಬೇಕು, ಕೂತರೆ ಪಾದ ಪೂರ್ತಿ ಹರಡುವುದಿಲ್ಲ. ನೋಡಿದರೆ ಬಲಗಾಲು ಎಡಗಾಲಿಗಿಂತ ಅರ್ಧ ಸೆಂಟಿಮೀಟರ್ ಉದ್ದ! ದೊಡ್ಡ ಕಾಲಿನ ಅಳತೆಗೇ ಶೂ ತಗೋಬೇಕು. ಬಲಗಾಲಿನ ಹಾಳೆ ಕತ್ತರಿಸಿ ಪರ್ಸ್‌ನಲ್ಲಿ ಇಟ್ಟುಕೊಂಡೆ.

ಶಿವಮೊಗ್ಗಕ್ಕೆ ಹೋಗಿದ್ದೂ ಸಂಜೆ ಹೊತ್ತಿಗೇ. ನೆಹರೂ ರಸ್ತೆಯಲ್ಲಿ ಮೂರು ಅಂಗಡಿ ಹತ್ತಿಳಿದೆ. ಮೊದಲನೆಯ ಅಂಗಡಿಯ ಹುಡುಗ, "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಅಮ್ಮ" ಅಂದ. ಈ ಮಾತು ನಂಬಬೇಡಿ. ಬಟ್ಟೆ ಸ್ವಲ್ಪ ಮೆತ್ತಗಾಗಬಹುದು, ಉದ್ದ ಮಾತ್ರ ಬೆಳೆಯುವುದಿಲ್ಲ. ಶೂ ಒಳಗಿನ ಮೆತ್ತೆ ಹೊರಗೆ ತೆಗೆದು ನನ್ನ ಹಾಳೆಯನ್ನು ಅದರ ಮೇಲಿಟ್ಟೆ. ಕಿರುಬೆರಳಿನ ಕಡೆ ಹಾಳೆ ಹೊರಗೆ ಚಾಚಿತ್ತು. ಅಷ್ಟು ಸಾಕಾಯಿತು, ವಾಪಸ್ ಕೊಟ್ಟೆ. ಮೂರನೇ ಅಂಗಡಿಯಲ್ಲಿ ಗಂಡಸರ ಸಾಲಿನಲ್ಲಿದ್ದ ಒಂದು ಜೊತೆಗೆ ಹಾಳೆ ಸರಿಯಾಗಿ ಕೂತಿತು. ಬಣ್ಣ ನನಗೇನೂ ಇಷ್ಟವಾಗಲಿಲ್ಲ, ಬೂದಿ. ಆದರೆ ಗಂಡಸರ ಶೂ ಸಾಮಾನ್ಯವಾಗಿ ಸ್ವಲ್ಪ ಅಗಲ ಇರುತ್ತದೆ, ಅಗಲ ಪಾದದ ಹೆಂಗಸರು ಆ ಕಡೆಯೂ ನೋಡುವುದು ಒಳ್ಳೆಯದು.

ತಗೊಳ್ಳುವ ಮೊದಲು ಕೈಯಲ್ಲಿ ಹಿಡಿದು ಮಡಚಿದೆ. ಬೆರಳಿನ ಬುಡದ ಹತ್ತಿರ ಬಾಗಬೇಕು, ನಡುವೆ ಬಾಗಬಾರದು. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಪೂರಾ ತಿರುಚಿಕೊಳ್ಳಬಾರದು. ಹಿಮ್ಮಡಿ ಕೂರುವ ಭಾಗ ಒತ್ತಿದರೆ ಗಟ್ಟಿ ಇರಬೇಕು. ಆಮೇಲೆ ಎರಡೂ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಇಳಿದೆ. ಇಳಿಯುವಾಗ ಬೆರಳು ಮುಂದೆ ಬಡಿಯಲಿಲ್ಲ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿದಿತ್ತು.

ಹೊರಡಲು ಇನ್ನೂ ಎರಡು ತಿಂಗಳಿತ್ತು. ಮೊದಲ ವಾರ ಮನೆ ಮುಂದಿನ ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಆದರೆ ನಮ್ಮ ಮಣ್ಣು ಮೆತ್ತಗೆ, ಅಲ್ಲಿಯದು ಪೂರಾ ಕಾಂಕ್ರೀಟು. ಜೊತೆಗೆ ಅಲ್ಲಿ ನಡೆಯೋದಕ್ಕಿಂತ ಸಾಲಿನಲ್ಲಿ ನಿಲ್ಲೋದೇ ಅಂಗಾಲಿಗೆ ಕಷ್ಟ. ಅದಕ್ಕೇ ಹಲಸಿನ ಹಪ್ಪಳ ಒಣಹಾಕಿದ ದಿನಗಳಲ್ಲಿ ಸಿಮೆಂಟಿನ ಅಂಗಳದಲ್ಲಿ ಶೂ ಹಾಕಿಕೊಂಡೇ ನಿಂತು ಕಾಗೆ ಕಾದೆ. ಮೇ ಕೊನೆಗೆ ಜೋಗದ ಮೆಟ್ಟಿಲು ಇಳಿದು ಹತ್ತಿದೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಇಳಿಯುವಾಗ ಶೂಗಳ ತಪ್ಪೆಲ್ಲ ಗೊತ್ತಾಗುತ್ತದೆ. ಎಡಗಾಲಿನ ಹಿಮ್ಮಡಿ ಸ್ವಲ್ಪ ಜಾರಿದ್ದು ಗೊತ್ತಾಗಿದ್ದೂ ಅಲ್ಲೇ. ಶೂಗಳ ಮೇಲ್ತುದಿಯಲ್ಲಿ ಎಲ್ಲರೂ ಸುಮ್ನೆ ಬಿಡುವ ಇನ್ನೊಂದು ತೂತು ಇರುತ್ತದೆ, ನೋಡಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಪುಟ್ಟ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿದೆ. ಹಿಮ್ಮಡಿ ಹಿಡಿದಿಟ್ಟ ಹಾಗೆ ನಿಂತಿತು, ಬೆರಳಿನ ಕಡೆ ಬಿಗಿಯೂ ಆಗಲಿಲ್ಲ.

ಒರ್ಲ್ಯಾಂಡೊದ ಆ ಡಿಸ್ನಿ 1971ರಲ್ಲಿ ಶುರುವಾಗಿದ್ದು, ಜಾಗವೇ ಸುಮಾರು 100 ಚದರ ಕಿಲೋಮೀಟರು. ಅದರೊಳಗೆ ನಾಲ್ಕು ದೊಡ್ಡ ಪಾರ್ಕುಗಳಿವೆ. ಎಪ್ಕಾಟ್‌ನಲ್ಲಿ ಕೆರೆ ಸುತ್ತ ಹನ್ನೊಂದು ದೇಶಗಳ ಕಟ್ಟಡ ಕಟ್ಟಿದ್ದಾರೆ, ಅದೊಂದು ಸುತ್ತಿಗೇ ಸುಮಾರು 2 ಕಿ.ಮೀ. ಆ ದಿನ ನನ್ನ ಫೋನು 21,000 ಹೆಜ್ಜೆ ತೋರಿಸಿತು. ರಾತ್ರಿ ಅಂಗಾಲು ನೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಚರ್ಮ ಎಲ್ಲೂ ಕೆಂಪಾಗಿರಲಿಲ್ಲ.

ಮಳೆ ವಿಷಯಕ್ಕೆ ಬಂದರೆ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗಿ ಹೊಯ್ಯುವುದು ಮಾಮೂಲು. ನಮ್ಮ ಪುನರ್ವಸು ಮಳೆ ಹಾಗೆ ಹಗಲು ರಾತ್ರಿ ಹಿಡಿದು ಕೂರುವುದಿಲ್ಲ, ಒಂದು ಗಂಟೆ ಸುರಿದು ಬಿಡುತ್ತದೆ. ಅನಿಮಲ್ ಕಿಂಗ್‌ಡಮ್‌ನಲ್ಲಿ ದುಂಡನೆಯ ತೆಪ್ಪದಲ್ಲಿ ಕೂರಿಸುವ ಕಾಳಿ ರಿವರ್ ರ‍್ಯಾಪಿಡ್ಸ್ ಇದೆ, ಅದರಲ್ಲಿ ಕೂತರೆ ಮಳೆಯೇ ಬೇಡ. ಒದ್ದೆ ಚರ್ಮ ಬೇಗ ಉಜ್ಜಿ ಕೀಳುತ್ತದೆ. ಹಾಗಾಗಿ ಹತ್ತಿ ಸಾಕ್ಸ್ ಬಿಟ್ಟು ಬೇಗ ಒಣಗುವ ಸಿಂಥೆಟಿಕ್ ಸಾಕ್ಸ್ ಒಯ್ದಿದ್ದೆ. ಬ್ಯಾಗಿನಲ್ಲಿ ಯಾವಾಗಲೂ ಒಂದು ಜೊತೆ ಒಣ ಸಾಕ್ಸ್ ಇರುತ್ತಿತ್ತು. ತೆಪ್ಪದಿಂದ ಇಳಿದ ತಕ್ಷಣ ಕಾಲು ಒರೆಸಿ ಬದಲಿಸಿದೆ.

ರಾತ್ರಿ ಶೂ ಒಣಗಿಸುವುದು ಹೇಗೆ? ಹೇರ್ ಡ್ರೈಯರ್ ಹಿಡಿ ಅಂದಳು ಮಗಳು. ಬೇಡ ಅಂದೆ. ಶಾಲೆಗೆ ಹೋಗುವಾಗ ಇವಳದ್ದೇ ಶೂ ಬಚ್ಚಲೊಲೆ ಪಕ್ಕ ಇಟ್ಟು ಅಟ್ಟೆ ಬಿಟ್ಟುಹೋಗಿತ್ತು, ಬಿಸಿಗೆ ಅಂಟು ನಿಲ್ಲುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದಿದ್ದ ಕನ್ನಡ ಪೇಪರ್ ಇತ್ತಲ್ಲ, ಅದನ್ನೇ ಉಂಡೆ ಮಾಡಿ ಎರಡೂ ಶೂ ಒಳಗೆ ತುರುಕಿದೆ. ಮಲಗುವ ಮುಂಚೆ ಒದ್ದೆ ಉಂಡೆ ತೆಗೆದು ಒಣಗಿದ್ದು ಹಾಕಿದೆ. ಬೆಳಗ್ಗೆಗೆ ಮುಕ್ಕಾಲು ಒಣಗಿತ್ತು. ಆ ದಿನ ಎರಡನೇ ಜೊತೆ, ನನ್ನ ಹಳೇ ಪಟ್ಟಿ ಸ್ಯಾಂಡಲ್ ಹಾಕಿದೆ. ಎರಡು ಜೊತೆ ಇಟ್ಟುಕೊಂಡು ಬದಲಿಸುತ್ತಿದ್ದರೆ ದಿನವೂ ಒಂದೇ ಜಾಗ ಉಜ್ಜುವುದಿಲ್ಲ.

ನಮ್ಮನೆಯವರಿಗೆ ಸಕ್ಕರೆ ಕಾಯಿಲೆ. ಅವರ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಸಕ್ಕರೆ ಇರುವವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಬೊಬ್ಬೆ ಎದ್ದರೂ ಗೊತ್ತಾಗದು, ಗಾಯ ಮಾಯುವುದೂ ನಿಧಾನ. ದಿನಾ ರಾತ್ರಿ ಅವರ ಅಂಗಾಲು, ಬೆರಳಿನ ಸಂದಿ ದೀಪದ ಬೆಳಕಲ್ಲಿ ನೋಡುತ್ತಿದ್ದೆ. ಮೂರನೇ ದಿನ ಹೆಬ್ಬೆರಳ ಬದಿ ಕೆಂಪಾಗಿತ್ತು. ಅವರಿಗೆ ಉರಿಯೇ ಇರಲಿಲ್ಲ. ಮರುದಿನ ಅವರನ್ನು ಹೋಟೆಲಿನಲ್ಲೇ ಕೂರಿಸಿದೆವು.

ಈಗ ಪಕ್ಕದ ಮನೆಯವರು ಸಿಂಗಾಪುರಕ್ಕೆ ಹೊರಟಿದ್ದಾರೆ. ನಿನ್ನೆ ಬೆಳಗ್ಗೆ ಹಾಳೆ, ಪೆನ್ಸಿಲ್ ಹಿಡಿದು ಬಂದರು. "ಈಗ ಬೇಡ ಅತ್ತಿಗೆ, ಕೊಟ್ಟಿಗೆ ಕೆಲಸ ಎಲ್ಲ ಮುಗಿಸಿ ಸಂಜೆ ಬನ್ನಿ" ಅಂತ ಕಳಿಸಿದೆ.