ಒಂದು ಬಂದರು, ಒಂದು ನೋಟ: ಬಾಸ್ಟನ್ನಿನಿಂದ ಹೊರಟ ನಮ್ಮ ಹಡಗು ಪ್ರವಾಸ

ಉತ್ತರ ಅಮೆರಿಕದ ಈಶಾನ್ಯ ಕರಾವಳಿಯನ್ನು ಹಡಗಿನಲ್ಲಿ ಸುತ್ತಲು ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಇದು: ಪ್ರವಾಸದ ಕರಪತ್ರವನ್ನು ಪಕ್ಕಕ್ಕಿಟ್ಟು ಆಯಾ ಊರಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ತೆರೆಯಿರಿ. ಬೇರೆ ಕಡಲತೀರಗಳಲ್ಲಿ ಅದು ಮೀನುಗಾರರಿಗೆ ಬೇಕಾದ ಕಾಗದ. ಅಮೆರಿಕದ ಮೇನ್ ರಾಜ್ಯದಿಂದ ಕೆನಡಾದ ಫಂಡಿ ಕೊಲ್ಲಿಯವರೆಗಿನ ತೀರದಲ್ಲಿ ಮಾತ್ರ ಯಾವ ಗಂಟೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತೀರ್ಮಾನಿಸುವುದೇ ಅದು.

ನಮ್ಮ ಮಗಳು ಬಾಸ್ಟನ್ ಪಕ್ಕದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ನಾನು ಮತ್ತು ನನ್ನ ಯಜಮಾನರು ಸೆಪ್ಟೆಂಬರ್ ಕೊನೆಯಲ್ಲಿ ಬಾಸ್ಟನ್ನಿನಿಂದಲೇ ಹೊರಟು ಅಲ್ಲಿಗೇ ಮರಳುವ ಹಡಗು ಹತ್ತಿದೆವು. ಮೇನ್‌ನ ಪೋರ್ಟ್‌ಲ್ಯಾಂಡ್ ಮತ್ತು ಬಾರ್ ಹಾರ್ಬರ್, ಕೆನಡಾದ ಸೇಂಟ್ ಜಾನ್, ಸಿಡ್ನಿ, ಹ್ಯಾಲಿಫ್ಯಾಕ್ಸ್ ನಮ್ಮ ದಾರಿಯ ಬಂದರುಗಳು. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಬರುವ ಹಡಗು ಕೆನಡಾಕ್ಕೆ ಏಕೆ ಹೋಗಬೇಕು ಎಂದು ಮಗಳನ್ನು ಕೇಳಿದ್ದೆ. ಅದಕ್ಕೆ 1886ರ ಕಾನೂನೊಂದು ಕಾರಣ. ಈ ದೊಡ್ಡ ಪ್ರವಾಸಿ ಹಡಗುಗಳೆಲ್ಲ ಬಹುತೇಕ ಬೇರೆ ದೇಶಗಳ ಧ್ವಜ ಹಾರಿಸುವಂಥವು. ಅಂಥ ಹಡಗು ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸುತ್ತಾಡಿಸುವಾಗ ಒಂದಾದರೂ ವಿದೇಶಿ ಬಂದರನ್ನು ಮುಟ್ಟಲೇಬೇಕು.

ಹಡಗು ಬೆಳಿಗ್ಗೆ ನಿಂತು ಸಂಜೆ ಹೊರಡುತ್ತದೆ. ಇಳಿಯುವ ಸಾಲು, ಹೊರಡುವ ಮೊದಲೇ ಹತ್ತಬೇಕಾದ ಗಡುವು ಎಲ್ಲವನ್ನೂ ಕಳೆದರೆ ಕೈಯಲ್ಲಿ ಉಳಿಯುವುದು ಆರೇಳು ಗಂಟೆ. ಅಷ್ಟರಲ್ಲಿ ಐದಾರು ಜಾಗಗಳನ್ನು ಬಸ್ಸಿನ ಕಿಟಕಿಯಿಂದ ತೋರಿಸುವ ಪ್ರವಾಸಗಳನ್ನು ಹಡಗಿನಲ್ಲೇ ಮಾರುತ್ತಾರೆ. ನಾವು ಪ್ರತಿ ಬಂದರಿನಲ್ಲೂ ಒಂದೇ ಒಂದನ್ನು ಆರಿಸಿಕೊಂಡೆವು, ಅದೂ ಕಾಲ್ನಡಿಗೆಯಲ್ಲಿ ಅಥವಾ ಊರಿನವರು ಹತ್ತುವ ಬಸ್ಸು, ದೋಣಿಗಳಲ್ಲಿ ಮುಟ್ಟಬಹುದಾದದ್ದನ್ನು. ಉಳಿದದ್ದನ್ನೆಲ್ಲ ಬಿಟ್ಟುಬಿಟ್ಟೆವು. ಹಾಗೆ ಬಿಟ್ಟದ್ದರಿಂದಲೇ ಆರಿಸಿದ್ದನ್ನು ಕಣ್ತುಂಬ ನೋಡಲು ಸಾಧ್ಯವಾಯಿತು ಎಂದು ನನ್ನ ನಂಬಿಕೆ.

ಪೋರ್ಟ್‌ಲ್ಯಾಂಡಿನಲ್ಲಿ ಎಲ್ಲರೂ ಹೋಗುವುದು 1791ರಲ್ಲಿ ಬೆಳಗತೊಡಗಿದ ಹಳೆಯ ದೀಪಸ್ತಂಭಕ್ಕೆ. ಅದು ಊರಿನ ಹೊರಗಿದೆ. ನಾವು ಹಡಗುಕಟ್ಟೆಯಿಂದ ನಡೆದು ಹೋಗಿ ಕ್ಯಾಸ್ಕೊ ಕೊಲ್ಲಿಯ ದ್ವೀಪಗಳಿಗೆ ಹೋಗುವ ದೋಣಿ ಹತ್ತಿದೆವು. ದ್ವೀಪದವರ ದಿನಸಿ ಚೀಲ, ಸೈಕಲ್ಲು, ನಾಯಿಗಳ ಜೊತೆ ಪೀಕ್ಸ್ ದ್ವೀಪಕ್ಕೆ ಹೋಗಿ, ಅಲ್ಲಿ ದಂಡೆಗುಂಟ ನಡೆದು ಬಂದೆವು. ಆ ಊರಿಗೆ ಅಷ್ಟು ಸಾಕು.

ಬಾರ್ ಹಾರ್ಬರ್‌ನಲ್ಲಿ ದೊಡ್ಡ ಹಡಗುಗಳು ಕಟ್ಟೆಗೆ ಬರುವುದಿಲ್ಲ. ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡ ಸೇರಿಸುತ್ತಾರೆ. ಹಡಗಿನ ಪ್ರವಾಸ ಕೊಂಡವರಿಗೆ ಮೊದಲ ಸರದಿ ಸಿಗುವುದರಿಂದ ಉಳಿದವರು ಬೇಗ ಎದ್ದು ದೋಣಿಯ ಚೀಟಿ ಪಡೆಯುವುದು ಒಳ್ಳೆಯದು. ಊರಿನ ಬೆನ್ನಿಗೇ ಅಕೇಡಿಯಾ ರಾಷ್ಟ್ರೀಯ ಉದ್ಯಾನ. ಅದರ ಕ್ಯಾಡಿಲಾಕ್ ಬೆಟ್ಟ 466 ಮೀಟರ್ ಎತ್ತರವಿದ್ದು, ಅಮೆರಿಕದ ಅಟ್ಲಾಂಟಿಕ್ ತೀರದಲ್ಲೇ ಎತ್ತರದ್ದು. ಕಾರಿನಲ್ಲಿ ತುದಿಗೆ ಹೋಗಲು ಮುಂಗಡ ಕಾಯ್ದಿರಿಸಬೇಕು. ಊರಿನ ಮಧ್ಯದ ಹಸಿರು ಚೌಕದಿಂದ ಹೊರಡುವ ಉಚಿತ ಬಸ್ಸುಗಳು ಉದ್ಯಾನದ ಹಲವು ಕಡೆ ಹೋಗುತ್ತವೆ, ಆದರೆ ಆ ತುದಿಗೆ ಹೋಗುವುದಿಲ್ಲ. ಅಕ್ಟೋಬರ್ ಮಧ್ಯದ ಹೊತ್ತಿಗೆ ಈ ಬಸ್ಸುಗಳು ನಿಂತುಬಿಡುತ್ತವೆ ಎಂಬುದನ್ನೂ ನೆನಪಿಡಿ.

ಇಲ್ಲಿ ವೇಳಾಪಟ್ಟಿ ನಮಗೆ ಆಯ್ಕೆಯನ್ನು ಸುಲಭ ಮಾಡಿಕೊಟ್ಟಿತು. ಉದ್ಯಾನದೊಳಗೆ ಥಂಡರ್ ಹೋಲ್ ಎಂಬ ಬಂಡೆಯ ಸೀಳಿದೆ. ಅಲೆ ನುಗ್ಗಿ ಗುಡುಗುವುದು ಉಬ್ಬರ ತುಂಬುವುದಕ್ಕೆ ಒಂದೆರಡು ಗಂಟೆ ಮೊದಲು. ನಮ್ಮ ದಿನ ನೀರು ಪೂರ್ತಿ ಇಳಿಯುವುದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಎಂದಿತ್ತು. ಆದ್ದರಿಂದ ಗುಡುಗನ್ನು ಬಿಟ್ಟು ಬಾರ್ ದ್ವೀಪವನ್ನು ಆರಿಸಿದೆವು. ಬ್ರಿಜ್ ಸ್ಟ್ರೀಟ್ ಎಂಬ ರಸ್ತೆ ಸಮುದ್ರಕ್ಕೆ ಇಳಿದು ಮುಗಿಯುತ್ತದೆ. ಇಳಿತದ ಹೊತ್ತಿನಲ್ಲಿ ಅದರ ಮುಂದೆ ಜಲ್ಲಿಕಲ್ಲಿನ ಅಗಲವಾದ ದಾರಿಯೊಂದು ನೀರಿನಿಂದ ಮೇಲೆದ್ದು ಎದುರಿನ ದ್ವೀಪವನ್ನು ಮುಟ್ಟುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಒಂದೂವರೆ ಗಂಟೆ ನಂತರದವರೆಗೆ ಮಾತ್ರ ಅದು ನಡೆಯಲು ಯೋಗ್ಯ. ದ್ವೀಪದ ಕಾಡುದಾರಿಯಲ್ಲಿ ಏರಿ ನಿಂತರೆ ಊರು, ಬೆಟ್ಟಸಾಲು, ಕೊಲ್ಲಿಯಲ್ಲಿ ನಿಂತ ನಮ್ಮ ಹಡಗು ಒಟ್ಟಿಗೇ ಕಾಣುತ್ತವೆ. ಮೇಪಲ್ ಎಲೆಗಳು ಆಗ ಕೆಂಪೇರುತ್ತಿದ್ದವು. ದಾರಿಯುದ್ದಕ್ಕೂ ಬಸವನಹುಳುಗಳೂ ಕಂದುಬಣ್ಣದ ಪಾಚಿಯೂ ತುಂಬಿದ್ದವು. ಗಟ್ಟಿ ತಳದ ಬೂಟು ಬೇಕೇ ಬೇಕು. ಹೊತ್ತು ಮೀರಿದರೆ ಮುಂದಿನ ಇಳಿತದವರೆಗೆ ದ್ವೀಪದಲ್ಲೇ ಕೂರಬೇಕಾಗುತ್ತದೆ, ಹಡಗು ಅಷ್ಟು ಹೊತ್ತು ಕಾಯುವುದಿಲ್ಲ. ಯಜಮಾನರು ಕೈಗಡಿಯಾರ ನೋಡುತ್ತ "ಇನ್ನು ಹೊರಡೋಣ" ಎಂದಾಗ ನಾನು ಮರುಮಾತಾಡದೆ ಎದ್ದೆ.

ಮರುದಿನ ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್. ನಾನು ಹುಟ್ಟಿ ಬೆಳೆದದ್ದು ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವಲ್ಲಿ. ಉಬ್ಬರದಲ್ಲಿ ಉಪ್ಪುನೀರು ಹೊಳೆಯೊಳಗೆ ಏರಿ ಹೋಗುವುದನ್ನು ನೋಡಿಯೇ ದೊಡ್ಡವಳಾದವಳು. ಆದರೆ ನಮ್ಮ ಕಡಲು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರಿನೊಳಗೆ. ಸೇಂಟ್ ಜಾನ್ ಬಂದರಿನಲ್ಲಿ ಅದು ಎಂಟು ಮೀಟರನ್ನೂ ದಾಟುತ್ತದೆ. ಇದೇ ಫಂಡಿ ಕೊಲ್ಲಿಯ ಒಳತುದಿಯಲ್ಲಿ 16 ಮೀಟರಿನಷ್ಟಾಗಿ, ಜಗತ್ತಿನಲ್ಲೇ ಅತಿ ಹೆಚ್ಚು ಎನಿಸಿಕೊಂಡಿದೆ. ಕೊಲ್ಲಿಯಲ್ಲಿ ನೀರು ಒಳಗೆ ಹೋಗಿ ಹೊರಬರಲು ಹಿಡಿಯುವ ಸಮಯವೂ ಸಾಗರದ ಉಬ್ಬರದ ಲಯವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪ್ರತಿ ಉಬ್ಬರ ಹಿಂದಿನದಕ್ಕೆ ಬಲ ಕೊಡುತ್ತದೆ. ಒಳಹೋದಂತೆ ಕೊಲ್ಲಿ ಕಿರಿದಾಗಿ ಆಳ ಕಡಿಮೆಯಾಗುವುದೂ ಸೇರಿ ನೀರು ಮೇಲೇಳುತ್ತದೆ.

ಆ ಊರಿನಲ್ಲಿ ನೋಡಬೇಕಾದದ್ದು ರಿವರ್ಸಿಂಗ್ ಫಾಲ್ಸ್. ಹೆಸರು ಕೇಳಿ ಜೋಗವನ್ನು ನಿರೀಕ್ಷಿಸಬಾರದು. ಎತ್ತರದಿಂದ ಬೀಳುವ ನೀರಲ್ಲ ಅದು. ಕಿರಿದಾದ ಕಲ್ಲಿನ ಕೊರಕಲಿನಲ್ಲಿ, ನೀರಡಿಯ ಬಂಡೆಗಳ ಮೇಲೆ ನದಿ ಉಕ್ಕಿ ಸುಳಿಯುವ ಜಾಗ. ಕಡಲು ಇಳಿದಾಗ ನದಿಯ ಮಟ್ಟ ಮೇಲಿದ್ದು ನೀರು ಕೊಲ್ಲಿಗೆ ಧುಮುಕುತ್ತದೆ. ಉಬ್ಬರದಲ್ಲಿ ಕಡಲಿನ ಮಟ್ಟ ಮೇಲಾಗಿ ನದಿ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಸುಮಾರು ಇಪ್ಪತ್ತು ನಿಮಿಷ ಎರಡೂ ಸಮನಾಗಿ ನೀರು ನಿಲ್ಲುತ್ತದೆ. ದೋಣಿಗಳು ದಾಟುವುದು ಆಗಲೇ. ಬಹಳ ಜನ ಅರ್ಧ ಗಂಟೆಗೆ ಬಸ್ಸಿನಲ್ಲಿ ಬಂದು, ಆ ನಿಂತ ನೀರನ್ನು ನೋಡಿ, ಇದರಲ್ಲೇನಿದೆ ಎಂದು ಮರಳುತ್ತಾರೆ. ಇದನ್ನು ಎರಡು ಸಲ ನೋಡಬೇಕು. ಇಳಿದ ತಕ್ಷಣ ನಾವು ಅಲ್ಲಿಗೇ ಹೋದೆವು. ಮರದ ತುಂಡೊಂದು ಕಡಲ ಕಡೆಯಿಂದ ನದಿಯ ಮೇಲ್ಭಾಗಕ್ಕೆ ವೇಗವಾಗಿ ತೇಲಿಹೋಯಿತು. ಹತ್ತೂವರೆಯ ಹೊತ್ತಿಗೆ ಸುಳಿಗಳು ಸಡಿಲಗೊಂಡು ನೀರು ತಣ್ಣಗಾಯಿತು. ಆಮೇಲೆ ಊರೊಳಗೆ ಹೋಗಿ, ಮಧ್ಯಾಹ್ನ ಎರಡೂವರೆಗೆ ಮತ್ತೆ ಬಂದರೆ ಅದೇ ಜಾಗದಲ್ಲಿ ನೊರೆಯುಕ್ಕುತ್ತ ನೀರು ಕಡಲ ಕಡೆಗೆ ನುಗ್ಗುತ್ತಿತ್ತು. ಎದುರು ದಂಡೆಯಲ್ಲಿ ಕಾಗದದ ತಿರುಳಿನ ಕಾರ್ಖಾನೆ ಹೊಗೆಯಾಡುತ್ತಿರುತ್ತದೆ. ಅದರಿಂದ ಈ ನೋಟದ ಬೆಲೆ ನನಗೆ ಕಡಿಮೆಯಾಗಲಿಲ್ಲ.

ಎರಡರ ನಡುವಿನ ಹೊತ್ತಿಗೆ ಸಿಟಿ ಮಾರ್ಕೆಟ್ ಇದೆ. 1876ರ ಕಟ್ಟಡ. ಮರುವರ್ಷ ಊರಿನ ಬಹುಭಾಗವನ್ನು ಸುಟ್ಟ ಬೆಂಕಿಯಲ್ಲೂ ಉಳಿದುಕೊಂಡಿತು. ಹಡಗು ಕಟ್ಟುವವರ ಊರಾದ್ದರಿಂದ ಚಾವಣಿಯ ತೊಲೆಗಳು ಬೋರಲು ಹಾಕಿದ ಹಡಗಿನ ಒಡಲಿನಂತಿವೆ. ಅಲ್ಲಿ ಡಲ್ಸ್ ಎಂಬ ಒಣಗಿಸಿದ ನೇರಳೆ ಬಣ್ಣದ ಕಡಲಪಾಚಿಯನ್ನು ಹಾಗೆಯೇ ತಿನ್ನಲು ಮಾರುತ್ತಾರೆ. ಉಪ್ಪು, ಸ್ವಲ್ಪ ಒಗರು. ಸಸ್ಯಾಹಾರಿಗಳಿಗೆ ಈ ತೀರದಲ್ಲಿ ಸಿಗುವ ಅಪ್ಪಟ ಸ್ಥಳೀಯ ರುಚಿಗಳು ಕಡಿಮೆ. ಇದೂ ಮೇನ್‌ನ ಕಾಡು ಬ್ಲೂಬೆರಿಯ ತಿನಿಸುಗಳೂ ಅವುಗಳಲ್ಲಿ ಸೇರಿವೆ. ಹಡಗಿಗೆ ಮರಳುವಾಗ ಬೆಳಿಗ್ಗೆ ಇಳಿದ ಅಂತಸ್ತಿನ ಬಾಗಿಲು ಮುಚ್ಚಿತ್ತು; ನೀರಿಳಿದು ಹಡಗೂ ಇಳಿದಿದ್ದರಿಂದ ಇನ್ನೂ ಮೇಲಿನ ಅಂತಸ್ತಿಗೆ ಹಲಗೆ ಹಾಕಿದ್ದರು.

ಕೇಪ್ ಬ್ರೆಟನ್‌ನ ಸಿಡ್ನಿಯಲ್ಲಿ ಮಾತ್ರ ಹಡಗಿನವರ ಬಸ್ಸನ್ನೇ ಹಿಡಿದೆವು. ಲೂಯಿಬರ್ಗ್ ಕೋಟೆ ಊರಿನಿಂದ ದೂರವಿದೆ, ಹಡಗಿನ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಫ್ರೆಂಚರು 1713ರಲ್ಲಿ ಕಟ್ಟಲಾರಂಭಿಸಿದ ಪಟ್ಟಣವನ್ನು ಬ್ರಿಟಿಷರು 1758ರಲ್ಲಿ ಗೆದ್ದು ಕೋಟೆಯನ್ನು ಉರುಳಿಸಿದರು. 1960ರ ದಶಕದಲ್ಲಿ ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಕಲ್ಲುಕೆಲಸ, ಮರಗೆಲಸ ಕಲಿಸಿ ಪಟ್ಟಣದ ಕಾಲುಭಾಗವನ್ನು ಮತ್ತೆ ಎಬ್ಬಿಸಿದರು. ಆ ಗೋಡೆಗಳನ್ನು ನೋಡುವಾಗ ನನಗೆ ಫ್ರೆಂಚ್ ದೊರೆಗಿಂತ ಗಣಿಯವರೇ ಹೆಚ್ಚು ನೆನಪಾದರು.

ಹ್ಯಾಲಿಫ್ಯಾಕ್ಸ್ ಬಗ್ಗೆ ಹೆಚ್ಚು ಹೇಳಬೇಕು. ಅಲ್ಲಿಗೆ ಬಂದ ಬಹುಪಾಲು ಪ್ರವಾಸಿಗಳು ಪೆಗ್ಗಿಸ್ ಕೋವ್ ಎಂಬ ದೀಪಸ್ತಂಭದ ಹಳ್ಳಿಗೆ ಬಸ್ಸು ಹತ್ತುತ್ತಾರೆ. ಸುಂದರ ಜಾಗವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹಡಗು ನಿಲ್ಲುವುದೇ ಪಿಯರ್ 21ರ ಮಗ್ಗುಲಲ್ಲಿ. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ವಲಸೆಗಾರರು ಕೆನಡಾದ ನೆಲಕ್ಕೆ ಕಾಲಿಟ್ಟ ಕಟ್ಟೆ ಅದು, ಈಗ ವಸ್ತುಸಂಗ್ರಹಾಲಯ. ಅಲ್ಲಿಂದ ನೀರಿನ ಅಂಚಿಗೇ ಮರದ ಹಲಗೆಯ ಕಾಲುದಾರಿ ಶುರುವಾಗುತ್ತದೆ. ಇಷ್ಟು ಇತಿಹಾಸವಿರುವ ಬಂದರನ್ನು ಬಿಟ್ಟು ಹೊರಹೋಗಲು ನನಗೆ ಮನಸ್ಸಾಗಲಿಲ್ಲ.

ನಾವು ಆರಿಸಿಕೊಂಡ ವಿಷಯ 1917ರ ಸ್ಫೋಟ. ಡಿಸೆಂಬರ್ 6ರ ಬೆಳಿಗ್ಗೆ, ಸಿಡಿಮದ್ದು ತುಂಬಿದ್ದ ಫ್ರೆಂಚ್ ಹಡಗು ಮಾಂಟ್ ಬ್ಲಾಂಕ್ ಬಂದರಿನ ಇಕ್ಕಟ್ಟಿನ ಭಾಗದಲ್ಲಿ ನಾರ್ವೆಯ ಇಮೊ ಹಡಗಿಗೆ ತಗುಲಿ ಹೊತ್ತಿಕೊಂಡಿತು. ಹಡಗಿನಲ್ಲಿ ಏನಿದೆಯೆಂದು ಊರಿಗೆ ತಿಳಿದಿರಲಿಲ್ಲ. ಜನ ಕಿಟಕಿಗಳಿಗೆ ಬಂದು ಬೆಂಕಿಯನ್ನು ನೋಡುತ್ತಿದ್ದರು. ಸುಮಾರು ಇಪ್ಪತ್ತು ನಿಮಿಷದ ನಂತರ ಅದು ಸಿಡಿದು ಎರಡು ಸಾವಿರದಷ್ಟು ಜನ ಸತ್ತರು, ಸುಮಾರು 9,000 ಮಂದಿ ಗಾಯಗೊಂಡರು; ಗಾಜು ಸಿಡಿದು ಕಣ್ಣು ಕಳೆದುಕೊಂಡವರು ಬಹಳ. ವಿನ್ಸ್ ಕೋಲ್ಮನ್ ಎಂಬ ರೈಲ್ವೆ ನೌಕರ ಓಡಿಹೋಗದೆ, ಬರುತ್ತಿದ್ದ ರೈಲನ್ನು ತಡೆಯಲು ತಂತಿ ಕಳುಹಿಸುತ್ತ ಪ್ರಾಣಬಿಟ್ಟ. ಅಟ್ಲಾಂಟಿಕ್ ಕಡಲ ವಸ್ತುಸಂಗ್ರಹಾಲಯದಲ್ಲಿ ಇದನ್ನೆಲ್ಲ ನೋಡಿದ ಮೇಲೆ ಎದುರು ದಂಡೆಯ ಡಾರ್ಟ್‌ಮತ್‌ಗೆ ಹೋಗುವ ದೋಣಿ ಹತ್ತಬೇಕು. 1752ರಿಂದ ನಡೆದುಬಂದ ದೋಣಿಮಾರ್ಗವಿದು, ಟಿಕೆಟ್ಟು ನಗರದ ಬಸ್ಸಿನದಷ್ಟೇ. ನಡುನೀರಿನಲ್ಲಿ ಉತ್ತರಕ್ಕೆ ನೋಡಿದರೆ ಸೇತುವೆಯಾಚೆಗೆ ಬಂದರು ಕಿರಿದಾಗುವ ಆ ಜಾಗ ಕಾಣುತ್ತದೆ. ಎಡದಂಡೆಯಲ್ಲಿ ನೆಲಸಮವಾದ ರಿಚ್ಮಂಡ್ ಬಡಾವಣೆ, ಬಲದಂಡೆಯಲ್ಲಿ ಎದ್ದ ನೀರಿಗೆ ಕೊಚ್ಚಿಹೋದ ಮಿಕ್‌ಮಾ ಮೂಲನಿವಾಸಿಗಳ ನೆಲೆ. ನಕ್ಷೆಯಲ್ಲಿ ನೋಡಿದ್ದರೆ ಅದು ಇಷ್ಟು ಹತ್ತಿರವೆಂದು ನನಗೆ ಅರಿವಾಗುತ್ತಿರಲಿಲ್ಲ.

ಅದೇ ವಸ್ತುಸಂಗ್ರಹಾಲಯದಲ್ಲಿ ಟೈಟಾನಿಕ್‌ನಲ್ಲಿ ಸತ್ತ ಮಗುವೊಂದರ ಪುಟ್ಟ ಬೂಟುಗಳಿವೆ. ನಗರದ ಬಸ್ಸಿನಲ್ಲಿ ಫೇರ್‌ವ್ಯೂ ಲಾನ್ ಸ್ಮಶಾನಕ್ಕೆ ಹೋದರೆ ಆ ಮಗುವಿನ ಸಮಾಧಿ ಇದೆ. ದುರಂತದ 121 ಮಂದಿಯನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಹಲವು ಕಲ್ಲುಗಳ ಮೇಲೆ ಹೆಸರಿಲ್ಲ, 1912ರ ಏಪ್ರಿಲ್ 15 ಎಂಬ ದಿನಾಂಕ ಮತ್ತು ಒಂದು ಸಂಖ್ಯೆ ಮಾತ್ರ. ಕಡಲಿನಿಂದ ದೇಹವನ್ನು ಎತ್ತಿದ ಕ್ರಮಸಂಖ್ಯೆ ಅದು. ಈ ಮಗು ಯಾರದೆಂದು ತಿಳಿಯದೆ, ದೇಹಗಳನ್ನು ಎತ್ತಿ ತಂದ ಹಡಗಿನ ನಾವಿಕರೇ ಹಣ ಹಾಕಿ ಕಲ್ಲು ನಿಲ್ಲಿಸಿದ್ದರು. 2007ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಸಿಡ್ನಿ ಗುಡ್ವಿನ್ ಎಂಬ ಹೆಸರು ಸಿಕ್ಕಿತು. ಬೂಟುಗಳನ್ನು ನೋಡಿಯೇ ಸಮಾಧಿಗೆ ಹೋಗಿ. ಈ ಕ್ರಮದಲ್ಲಿ ನೋಡಿದರೆ ಎರಡಕ್ಕೂ ಅರ್ಥ ಬರುತ್ತದೆ.

ಸ್ಫೋಟವಾದ ರಾತ್ರಿಯೇ ಬಾಸ್ಟನ್ ವೈದ್ಯರನ್ನೂ ಸಾಮಗ್ರಿಯನ್ನೂ ತುಂಬಿದ ರೈಲನ್ನು ಹೊರಡಿಸಿತ್ತು. ಆ ಉಪಕಾರಕ್ಕಾಗಿ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಷಿಯಾ ಪ್ರಾಂತ್ಯ 1971ರಿಂದ ಪ್ರತಿವರ್ಷ ಬಾಸ್ಟನ್‌ಗೆ ದೊಡ್ಡ ಕ್ರಿಸ್‌ಮಸ್ ಮರವೊಂದನ್ನು ಕಳುಹಿಸುತ್ತದೆ. ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಇರುವವರು ಕಾಮನ್ ಉದ್ಯಾನದಲ್ಲಿ ಅದನ್ನು ನೋಡಬಹುದು.

ಇನ್ನು ಕಾಗದಪತ್ರಗಳ ವಿಷಯ. ಭಾರತದ ಪಾಸ್‌ಪೋರ್ಟಿನಲ್ಲಿ ಹೋಗುವವರಿಗೆ ಒಂದೇ ದಿನ ಇಳಿಯುವುದಾದರೂ ಕೆನಡಾದ ಸಂದರ್ಶಕ ವೀಸಾ ಬೇಕು; ಅದು ಕೈಸೇರಲು ವಾರಗಳೇ ಹಿಡಿಯುವುದರಿಂದ ಹಡಗಿನ ಟಿಕೆಟ್ಟಿಗೆ ಮೊದಲೇ ಅರ್ಜಿ ಹಾಕಿ. ಅಮೆರಿಕದ ವೀಸಾ ಹಲವು ಸಲ ಪ್ರವೇಶಿಸಬಹುದಾದದ್ದೇ ಎಂದು ನೋಡಿಕೊಳ್ಳಿ, ಏಕೆಂದರೆ ಮರಳುವಾಗ ಹೊಸದಾಗಿ ಒಳಬರುತ್ತೀರಿ. ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾದ ವೀಸಾ ಬೇಡ, ಕಾರ್ಡು ಮತ್ತು ಪಾಸ್‌ಪೋರ್ಟ್ ಸಾಕು. ಸೇಂಟ್ ಜಾನ್, ಸಿಡ್ನಿ, ಹ್ಯಾಲಿಫ್ಯಾಕ್ಸ್‌ಗಳ ಗಡಿಯಾರ ಬಾಸ್ಟನ್ನಿಗಿಂತ ಒಂದು ಗಂಟೆ ಮುಂದಿದೆ. ಕೆಲವು ಹಡಗುಗಳು ತಮ್ಮ ಗಡಿಯಾರವನ್ನು ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಮೊಬೈಲು ತಾನಾಗಿ ಊರಿನ ಸಮಯಕ್ಕೆ ಜಿಗಿಯುತ್ತದೆ. ಆದ್ದರಿಂದ ಇಳಿಯುವ ಬಾಗಿಲಿನಲ್ಲಿ ಬರೆದಿರುವ ಮರಳುವ ವೇಳೆ ಹಡಗಿನದೋ ಊರಿನದೋ ಎಂದು ಅಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿ, ಅದಕ್ಕೆ ಹೊಂದಿಸಿದ ಮುಳ್ಳಿನ ಕೈಗಡಿಯಾರವೊಂದನ್ನು ಕಟ್ಟಿಕೊಂಡೇ ಇಳಿಯಿರಿ.